ಮೂರು ತಾಸಿಗೊಮ್ಮೆ ಒಂದು ಕೈ

ನವೆಂಬರ್ 10, ಸೋಮವಾರ, ಬೆಳಿಗ್ಗೆ. ರಾಯಚೂರು

ಎಂಟು ವರ್ಷದ ಹುಡುಗಿಯನ್ನು ನಿನ್ನೆ ಸಂಜೆಯಿಂದ ಉಪವಾಸ ಕೆಡವಿದ್ದಾರೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಹುಡುಗಿ ನನ್ನ ಅಣ್ಣ ಯಲ್ಲಾಲಿಂಗನ ಮಗಳು, ವಿಜಯಶ್ರೀ. ಅಣ್ಣ ಮಾನ್ವಿಯಲ್ಲಿ ಹಾಸ್ಟೆಲ್ಲಿನ ಅಡುಗೆಯವನು. ನಿನ್ನೆ ಅವನು ಮಲಗಿದ್ದಾಗ ಇವಳು ಅವನ ಸೈಕಲ್ ತೆಗೆದಿದ್ದಾಳೆ. ಸೀಟು ಎಟುಕುವುದಿಲ್ಲ, ಕಂಬಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದಳಂತೆ. ಓಣಿಯ ತಿರುವಿನಲ್ಲಿ ಬಿದ್ದಳು. ಹ್ಯಾಂಡಲ್ಲಿನ ತುದಿ ಹೊಕ್ಕಳಿನ ಮೇಲುಗಡೆ ನಾಟಿತು. ಅದರ ರಬ್ಬರ್ ಹಿಡಿ ಎಂದೋ ಕಳಚಿ ಹೋಗಿತ್ತು, ಬರೀ ಕಬ್ಬಿಣ. ರಕ್ತ ಒಂದು ಹನಿಯಿಲ್ಲ. ನಾಣ್ಯದಷ್ಟು ಅಗಲದ ದುಂಡನೆಯ ನೀಲಿ ಗುರುತು, ಅಷ್ಟೆ. ಮಾನ್ವಿಯಲ್ಲಿ ನೋಡಿದವರು ರಾಯಚೂರಿಗೆ ಬರೆದುಕೊಟ್ಟರು. ಅಣ್ಣನ ಫೋನ್ ಬಂದ ಕೂಡಲೇ ನಾನು ದೇವದುರ್ಗದಿಂದ ಬಸ್ ಹತ್ತಿದೆ. ನಮ್ಮ ಮನೆಯಲ್ಲಿ ದವಾಖಾನೆಯವರ ಎದುರು ನಿಂತು ಮಾತಾಡಬಲ್ಲವಳು ನಾನೊಬ್ಬಳೇ.

ಇಲ್ಲಿನ ಡಾಕ್ಟರ್ ಹೆಸರು ಮಿನಾಜ್. ಮಕ್ಕಳ ಆಪರೇಷನ್ ಮಾಡುವವರಂತೆ. ಮಾಡುವುದೇನು? ಕೈಗೆ ಒಂದು ಸಲೈನ್ ಬಾಟ್ಲಿ ಹಚ್ಚಿದ್ದಾರೆ. ಮೂರು ತಾಸಿಗೊಮ್ಮೆ ಬರುತ್ತಾರೆ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ, ಹೊಟ್ಟೆಯ ಮೇಲೆ ಇಡುತ್ತಾರೆ, ನಾಡಿ ಎಣಿಸುತ್ತಾರೆ, ಏನೋ ಬರೆದು ಹೋಗುತ್ತಾರೆ. ನಾನು ಕೇಳಿದೆ, "ಊಟ ಯಾವಾಗ ಕೊಡ್ತೀರಿ?"

"ಈಗ ಇಲ್ರಿ. ನಾಳೆ ಸಂಜಿತನಕ ನೋಡಬೇಕು."

"ನೋಡೋದಂದ್ರ? ಔಷಧ ಏನದ?"

"ನೋವಿಗೆ ಇಂಜೆಕ್ಷನ್ ಕೊಟ್ಟೀವಿ. ಉಳಿದದ್ದು, ಸದ್ಯಕ್ಕ ನೋಡೋದೇ ಔಷಧ."

ಮೈ ಉರಿಯಿತು. "ದೊಡ್ಡವರ ಮಗಳಾಗಿದ್ರ ಹಿಂಗೇ ನೋಡ್ಕೋತ ಕುಂದ್ರುತಿದ್ರೇನು?"

"ಹೌದ್ರಿ. ಅವರ ಮಗಳೂ ಹಸ್ಕೊಂಡೇ ಇರಬೇಕಾಗ್ತದ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗದ ಅಧಿಕಾರಿಗಳನ್ನು ನಾನು ನಂಬುವುದಿಲ್ಲ. ತಹಸೀಲ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ನಿಂತಿದ್ದೇನೆ. ನಮ್ಮ ತಾಲ್ಲೂಕಿನಲ್ಲಿ ಹೊರಡುವ ಕರಪತ್ರವೆಲ್ಲ ನನ್ನ ಕೈ ದಾಟಿಯೇ ಹೋಗುತ್ತದೆ. ಪ್ರತಿಯೊಂದರದ್ದೂ ಒಂದು ಪ್ರತಿ ಹೆಚ್ಚು ತೆಗೆದು ಓದಿದ್ದೇನೆ. ಕೂಲಿಯ ಹಕ್ಕು, ಅನ್ನದ ಹಕ್ಕು, ರೋಗಿಯ ಹಕ್ಕು. ಬೇಡದ ಆಪರೇಷನ್ನಿಗೆ ಗರ್ಭಕೋಶ ಕಳೆದುಕೊಂಡ ಹೆಂಗಸರ ಬಗ್ಗೆ ಓದಿದ್ದೇನೆ. ಬಡವರನ್ನು ಬೆಂಚಿನ ಮೇಲೆ ಕಾಯಿಸಿ ಕಾಯಿಸಿ ಕೊಲ್ಲುವುದರ ಬಗ್ಗೆ ಓದಿದ್ದೇನೆ. ಕಾಯಿಸುವುದು ಎಂದರೇನು ಅಂತ ನನಗೆ ಯಾರೂ ಕಲಿಸಬೇಕಿಲ್ಲ. ನಮ್ಮ ಜನ ತಲೆತಲಾಂತರದಿಂದ ಕಾದಿದ್ದಾರೆ.

"ಅತ್ತಿ, ಅನ್ನ," ಅಂದಳು ವಿಜಯಶ್ರೀ ಈಗ. ಇದನ್ನು ಬರೆದಿಟ್ಟುಕೊಳ್ಳುತ್ತೇನೆ.

ನವೆಂಬರ್ 10, ಸೋಮವಾರ, ಸಂಜೆ. ದೇವದುರ್ಗ

ಗೆದ್ದೆವು! ಹುಡುಗಿ ಮನೆಯಲ್ಲಿದ್ದಾಳೆ.

ಮಧ್ಯಾಹ್ನ ಸ್ಕ್ಯಾನ್ ಬಂತು. ಲಿವರಿಗೆ ಏನೂ ಆಗಿಲ್ಲ, ಗುಲ್ಮಕ್ಕೆ ಏನೂ ಆಗಿಲ್ಲ, ಒಂದಿಷ್ಟು ನೀರು ಕಾಣುತ್ತದೆ ಅಂದರು. ಒಂದಿಷ್ಟು ನೀರು ಯಾರ ಹೊಟ್ಟೆಯಲ್ಲಿಲ್ಲ? ಹುಡುಗಿ ಆಗಲೇ ಎದ್ದು ಕೂತಿದ್ದಳು, ಪಕ್ಕದ ಮಂಚದವಳ ಬಳೆ ಎಣಿಸುತ್ತಿದ್ದಳು. ನಾನು ನೇರ ಹೋಗಿ ಹೇಳಿದೆ, "ಆಪರೇಷನ್ ಮಾಡೋದಿದ್ರ ಮಾಡ್ರಿ, ಇಲ್ಲಂದ್ರ ಬಿಡ್ರಿ. ನಮ್ಮ ಕೂಸು ನಿಮ್ಮ ಪ್ರಯೋಗಕ್ಕಿಲ್ಲ."

ಡಾಕ್ಟರ್ ನನ್ನನ್ನು ಬಾಗಿಲಾಚೆ ಕರೆದೊಯ್ದರು. "ಕರುಳಿಗೆ ಪೆಟ್ಟಾಗಿದ್ರ ಮೊದಲನೇ ದಿನ ಸ್ಕ್ಯಾನಿನಾಗ ತೋರಬೇಕಂತಿಲ್ರಿ. ನಾಳೆ ತೋರಬಹುದು. ಅಷ್ಟೊತ್ತಿಗೆ ಕೂಸು ಊರಾಗಿದ್ರ ಜೀವಕ್ಕ ಬರ್ತದ. ತಾಯಿಯವ್ರನ್ನ ಕರೀರಿ, ಅವರಿಗೆ ಹೇಳಬೇಕು."

"ಆಕಿಗೆ ನಾ ಹೇಳ್ತೀನಿ," ಅಂದೆ.

ಅಣ್ಣನ ಹೆಂಡತಿ, ನಮ್ಮ ವೈನಿಗೆ ಅದನ್ನೆಲ್ಲ ಹೇಳಿ ಹೆದರಿಸಲಿಲ್ಲ. "ಸ್ಕ್ಯಾನ್ ಚೊಲೋ ಬಂದದ, ಏನೂ ಇಲ್ಲಂತ," ಅಂದೆ. ಹೆದರಿಸಿ ಹಿಡಿದಿಟ್ಟುಕೊಳ್ಳುವುದು ಅವರ ಪದ್ಧತಿ, ನಮ್ಮದಲ್ಲ. ಅಣ್ಣ ಬೆಳಗಿನ ಅಡುಗೆಗೆಂದು ಮಾನ್ವಿಗೆ ಹೋಗಿದ್ದ. ಆದ್ದರಿಂದ ಬಿಡುಗಡೆ ಕಾಗದಕ್ಕೆ ಕಲ್ಯಾಣಿ ವೈನಿಯೇ ಸಹಿ ಹಾಕಬೇಕಾಯಿತು. "ಏನ್ ಬರದಾರ, ಓದಿ ಹೇಳು ಮಿತ್ರಾ," ಅಂದಳು. "ನಮ್ಮ ಜವಾಬ್ದಾರಿ ಮ್ಯಾಲ ಒಯ್ತೀವಿ ಅಂತ, ಅಷ್ಟೇ," ಅಂದೆ. ಡಾಕ್ಟರ್ ಬಂದು, "ಎಲ್ಲಾ ತಿಳೀತೇನ್ರಿ ನಿಮಗ?" ಅಂತ ಅವಳನ್ನು ಕೇಳಿದರು. ವೈನಿ ನನ್ನ ಮುಖ ನೋಡಿದಳು, ತಲೆಯಾಡಿಸಿದಳು.

ನೋಡಿಕೊಳ್ಳಲು ಅವ್ವ ಇದ್ದಾಳೆ ಅಂತ ಇಲ್ಲಿಗೇ ಕರೆತಂದೆವು. ಬಸ್ಸಿನಲ್ಲಿ ವಿಜಯಶ್ರೀ ನನ್ನ ತೊಡೆಯ ಮೇಲೆ ಮಲಗಿದಳು. ಅವ್ವ ಬಿಸಿ ಅನ್ನಕ್ಕೆ ಬೇಳೆಕಟ್ಟು ಹಾಕಿ ಕಲಸಿಕೊಟ್ಟಳು. ತಾಟು ಖಾಲಿ ಮಾಡಿದಳು ಹುಡುಗಿ. ಅದನ್ನು ನೋಡುತ್ತಾ ನನಗೆ ಕಣ್ಣು ತುಂಬಿತು. ಒಂದು ತಾಟು ಅನ್ನಕ್ಕಾಗಿ ಎಷ್ಟು ಹೋರಾಟ.

ಆಮೇಲೆ ಅಂಗಡಿಗೆ ಹೋಗಿ ಒಂದೇ ಉಸಿರಿಗೆ ಟೈಪ್ ಮಾಡಿದೆ: ಹಸಿದ ಮಗುವಿಗೆ ಅನ್ನ ಕೊಡದ ವೈದ್ಯೆ. ಡಾಕ್ಟರ ಹೆಸರು ಹಾಕಿದೆ, ನಮ್ಮ ಹುಡುಗಿಯ ಹೆಸರೂ ಹಾಕಿದೆ. ಹೆಸರಿಲ್ಲದ ಕರಪತ್ರಕ್ಕೆ ಬೆನ್ನೆಲುಬಿಲ್ಲ. ಇನ್ನೂರು ಪ್ರತಿ. ನಮ್ಮ ಸಂಘದ ಗೌತಮ ಬಸ್ ಸ್ಟ್ಯಾಂಡಿನಲ್ಲಿ ಹಂಚುತ್ತೇನೆಂದು ಒಯ್ದ.

ನವೆಂಬರ್ 11, ಮಂಗಳವಾರ. ರಾಯಚೂರು

ಮತ್ತೆ ಅದೇ ದವಾಖಾನೆಯ ಹೊರಗಿದ್ದೇನೆ. ವಿಜಯಶ್ರೀ ಆಪರೇಷನ್ ಕೋಣೆಯಲ್ಲಿದ್ದಾಳೆ. ಬಾಗಿಲು ಮುಚ್ಚಿ ಒಂದು ತಾಸಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಆರಕ್ಕೆ ಹಸಿರು ವಾಂತಿ ಮಾಡಿದಳು. ಏಳಕ್ಕೆ ಮತ್ತೊಮ್ಮೆ. ಮೈ ಸುಡುತ್ತಿತ್ತು. ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ್ದಳು, ಅಳುತ್ತಿರಲಿಲ್ಲ. ಹೊದಿಕೆ ಹೊಟ್ಟೆಗೆ ತಾಗಿದರೆ ಸಾಕು, ಹಲ್ಲು ಕಚ್ಚುತ್ತಿದ್ದಳು.

"ಬಟ್ಟಿ ಸರಿದದ," ಅಂದಳು ಅವ್ವ. "ಬೇಗಮ್ಮನ್ನ ಕರೀರಿ."

ನಮ್ಮ ಓಣಿಯಲ್ಲಿ ಯಾವ ಮಗುವಿಗೆ ಹೊಟ್ಟೆ ನೋವಾದರೂ ಹೊಕ್ಕಳು ಜಾಗ ಬಿಟ್ಟು ಸರಿದಿದೆ, ಬಟ್ಟಿ ಸರಿದಿದೆ ಅನ್ನುತ್ತಾರೆ. ಹಿಂದಿನ ಓಣಿಯ ಕುಬ್ರಾ ಬೇಗಂ ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ತರುತ್ತಾರೆ. ಇದು ಮೂಢನಂಬಿಕೆ ಅಂತ ನಾನೇ ಹೋದ ವರ್ಷ ಒಂದು ಕರಪತ್ರ ಬರೆದಿದ್ದೆ. ಬೇಗಮ್ಮ ಎಣ್ಣೆ ಶೀಸೆ ಹಿಡಿದು ಬಂದಾಗ ಬಾಗಿಲಲ್ಲಿ ಅಡ್ಡ ನಿಂತೆ.

"ಸರೀ ಬೇ, ಕಾಗದದಾಕಿ," ಅಂದರು. "ನಿನ್ನ ಹೊಟ್ಟೀನೂ ಇದೇ ಕೈಲೇ ತಿಕ್ಕೀನಿ ನಾ. ಆಗ ನಿನಗ ಓದಾಕ ಬರ್ತಿದ್ದಿಲ್ಲ."

ಒಳಗೆ ಹೋದರು. ಶೀಸೆಯ ಬಿರಡೆ ತೆಗೆಯಲಿಲ್ಲ. ಅಂಗೈಯನ್ನು ಸೆರಗಿನಲ್ಲಿ ಉಜ್ಜಿಕೊಂಡು ಹುಡುಗಿಯ ಹೊಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟರು. ಒತ್ತಲಿಲ್ಲ. ಕೈ ಇಟ್ಟುಕೊಂಡು ಹುಡುಗಿಯ ಮುಖವನ್ನೇ ನೋಡುತ್ತಾ ಕೂತರು. ಆಮೇಲೆ ಕೈ ತೆಗೆದರು.

"ಇದು ಬಟ್ಟಿ ಅಲ್ಲವ್ವಾ ಪಾರ್ವತೆಮ್ಮಾ. ಬಟ್ಟಿ ಸರಿದ್ರ ಹೊಟ್ಟಿ ಮೆತ್ತಗಿರ್ತದ, ಬೆರಳು ಒಳಗ ಹೋಗ್ತಾವ. ಇದು ಹಲಗಿ ಆಗ್ಯದ. ನಾ ಮುಟ್ಟಂಗಿಲ್ಲ."

"ಒಂದೀಟು ಎಣ್ಣಿ ಹಚ್ಚಿ ನೋಡು ನಮ್ಮವ್ವಾ..."

"ತಿಕ್ಕಿದ್ರ ನನ್ನ ಕೈಯಾಗೇ ಹೋಗ್ತದ ಕೂಸು. ದವಾಖಾನಿಗೆ ಒಯ್ರಿ. ಈಗಿಂದೀಗ." ಎದ್ದು ನಿಂತು ನನ್ನ ಕಡೆ ತಿರುಗಿದರು. "ರಾಯಚೂರಾಗ ಯಾರೂ ಕೈ ಇಟ್ಟು ನೋಡ್ಲಿಲ್ಲೇನು ಇದಕ್ಕ?"

"ನೋಡಿದ್ರು."

"ಎಷ್ಟು ಸಲ?"

"ಮೂರು ತಾಸಿಗೊಮ್ಮೆ."

"ಮತ್ತ ಯಾಕ ತಂದ್ರಿ?"

ಆಂಬುಲೆನ್ಸಿಗೆ ಫೋನ್ ಹಚ್ಚಿದೆ. ಹನ್ನೊಂದಕ್ಕೆ ಇಲ್ಲಿ ಮುಟ್ಟಿದೆವು. ಡಾಕ್ಟರ್ ಮಿನಾಜ್ ಹೊಟ್ಟೆಯ ಮೇಲೆ ಕೈ ಇಟ್ಟ ಮರುಕ್ಷಣವೇ ತೆಗೆದು, ನರ್ಸಿಗೆ ಥಿಯೇಟರ್ ಸಿದ್ಧ ಮಾಡಲು ಹೇಳಿದರು. ಎರಡು ತಾಸು ಸಲೈನ್ ಓಡಿಸಿದರು, ಮೂಗಿಗೆ ನಳಿಗೆ ಹಾಕಿದರು, ಒಳಗೆ ಒಯ್ದರು. ನಾನು ಹೇಳಿದ್ದೆನಲ್ಲ ಅಂತ ನನಗೆ ಅನ್ನಲಿಲ್ಲ. ಅನ್ನಬಹುದಿತ್ತು.

ಸಂಜೆ ಐದು. ಹೊರಗೆ ತಂದರು. ಸಣ್ಣ ಕರುಳಿನಲ್ಲಿ ಕಿರುಬೆರಳ ತುದಿ ಹೋಗುವಷ್ಟು ತೂತು, ಸುತ್ತ ಕಪ್ಪಾಗಿತ್ತಂತೆ. ಹ್ಯಾಂಡಲ್ಲಿಗೂ ಬೆನ್ನುಮೂಳೆಗೂ ನಡುವೆ ಸಿಕ್ಕು ಜಜ್ಜಿದ ಜಾಗ. ಒಂದು ದಿನ ತಡೆದುಕೊಂಡಿದೆ, ಆಮೇಲೆ ಒಡೆದಿದೆ. ನಾಲ್ಕು ಬೆರಳಿನಷ್ಟು ಕರುಳು ಕತ್ತರಿಸಿ ತೆಗೆದು ಎರಡು ತುದಿ ಕೂಡಿಸಿ ಹೊಲಿದಿದ್ದಾರೆ. ಹೊಟ್ಟೆ ತೊಳೆದಿದ್ದಾರೆ.

ತೊಳೆಯುವಾಗ ಅನ್ನದ ಅಗುಳು ಸಿಕ್ಕವಂತೆ.

ನವೆಂಬರ್ 12, ಬುಧವಾರ

ತೀವ್ರ ನಿಗಾ ಕೋಣೆ. ಒಬ್ಬರನ್ನು ಮಾತ್ರ ಬಿಡುತ್ತಾರೆ.

ಅಣ್ಣ ಬಂದಿದ್ದಾನೆ. ಗೋಡೆಗೆ ಒರಗಿ ಕೂತವನು ಎದ್ದಿಲ್ಲ. "ಆ ಹಿಡಿಗೆ ಒಂದು ರಬ್ಬರ್ ಹಾಕಿಸಬೇಕಿತ್ತು," ಅಂತ ಎರಡು ಸಲ ಹೇಳಿದ.

ವೈನಿ ಅಂದಳು, "ಆ ಡಾಕ್ಟರಮ್ಮ ಹಿಂಗಾಗ್ತದಂತ ಮೊದ್ಲೇ ಒಂದು ಮಾತು ಹೇಳಿದ್ರ ನಾ ಒಯ್ತಿದ್ದಿಲ್ಲ ಮಿತ್ರಾ. ಒಂದು ಮಾತು."

ನಾನು ಬಾಗಿಲ ಗಾಜಿನಿಂದ ಕಾಣುವ ಬಾಟ್ಲಿಯ ಹನಿ ಎಣಿಸುತ್ತಿದ್ದೆ. ನಿಮಿಷಕ್ಕೆ ಇಪ್ಪತ್ತೆರಡು.

ನವೆಂಬರ್ 14, ಶುಕ್ರವಾರ

ವಾರ್ಡಿಗೆ ತಂದರು. ಕಿಟಕಿ ಪಕ್ಕದ ಮಂಚ.

ಮಧ್ಯಾಹ್ನ ಯಾರೋ ಮಕ್ಕಳ ದಿನಾಚರಣೆ ಅಂತ ಬಂದು ಎಲ್ಲರಿಗೂ ಚಾಕಲೇಟು ಹಂಚಿದರು. ವಿಜಯಶ್ರೀ ಕೈ ಚಾಚಿದಳು. ನಾನು ಎದ್ದು ತಡೆದೆ. "ಇಕಿಗೆ ಬ್ಯಾಡ್ರಿ, ಬಾಯಿಂದ ಏನೂ ಕೊಡಂಗಿಲ್ಲ." ಹಂಚುವಾಕೆ, "ಅಯ್ಯ ಪಾಪ, ಒಂದು ಚೂರಿಗೆ ಏನಾಗ್ತದ?" ಅಂದಳು. ನಾನು ಆಕೆಗೆ ಬೈದೆ. ವಿಜಯಶ್ರೀ ಗೋಡೆ ಕಡೆ ತಿರುಗಿ ಮಲಗಿದಳು. "ನೀ ಕೆಟ್ಟಾಕಿ ಅತ್ತಿ," ಅಂದಳು ಗೋಡೆಗೆ.

ಸಂಜೆ ಡಾಕ್ಟರ್ ಬಂದಾಗ ಕೇಳಿದೆ, ಅನುಮಾನ ಇದ್ದರೆ ಮೊದಲ ದಿನವೇ ಯಾಕೆ ಕೊಯ್ಯಲಿಲ್ಲ ಅಂತ. ಜಗಳಕ್ಕಲ್ಲ. ತಿಳಿಯಬೇಕಿತ್ತು.

"ಸೈಕಲ್ಲಿಂದ ಬಿದ್ದ ಕೂಸುಗಳು ಬರ್ತಾನೇ ಇರ್ತಾವ್ರಿ. ಭಾಳ ಮಂದಿಗೆ ಕೊಯ್ಯೋದು ಬೇಕಾಗಂಗಿಲ್ಲ. ಎಲ್ಲಾರ ಹೊಟ್ಟಿ ತೆರದ್ರ ನೀವೇ ನನ್ನ ಮ್ಯಾಲ ಇನ್ನೊಂದು ಕಾಗದ ಬರೀತೀರಿ." ನಕ್ಕರು. ಇನ್ನೊಂದು ಅಂದರಲ್ಲ. ಅಂದರೆ ಮೊದಲನೆಯದು ಓದಿದ್ದಾರೆ. ನನ್ನ ಕಿವಿ ಬಿಸಿಯಾಯಿತು. ಅವರು ಮುಂದುವರಿಸಿದರು, "ಕರುಳು ಒಡದದ್ದು ಗೊತ್ತಾಗಬೇಕಂದ್ರ ಒಂದೇ ಕೈ, ಮತ್ತ ಮತ್ತ, ಅದೇ ಹೊಟ್ಟಿ ಮುಟ್ಟಬೇಕು. ಮುಂಜಾನಿ ಮೆತ್ತಗಿದ್ದದ್ದು ಮಧ್ಯಾಹ್ನ ಬಿಗೀತಂದ್ರ, ನಾಡಿ ಏರಾಕತ್ತಿತಂದ್ರ, ಆಗ ತಡ ಮಾಡಂಗಿಲ್ಲ. ಅಲ್ಲೀತನಕ ಊಟ ಕೊಡಂಗಿಲ್ಲ, ಕೈ ಬಿಡಂಗಿಲ್ಲ."

ಕುಬ್ರಾ ಬೇಗಂ ವಿಷಯ ಹೇಳಿದೆ. ಶೀಸೆ ತೆರೆಯಲೇ ಇಲ್ಲ ಅಂತ.

"ತಿಕ್ಕಿದ್ರ ಕೂಸು ಇಲ್ಲೀತನಕ ಬರ್ತಿದ್ದಿಲ್ಲ," ಅಂದರು. "ಮುಟ್ಟಬಾರದು ಅಂತ ತಿಳಿಯೋದು ಸಣ್ಣ ವಿದ್ಯಾ ಅಲ್ರಿ. ನಮ್ಮಲ್ಲಿ ಕಲಿಯಾಕ ಬಂದವ್ರಿಗೇ ಬರಂಗಿಲ್ಲ."

ನಾನೂ ಕೈ ಇಟ್ಟು ನೋಡಲೇ ಅಂತ ಕೇಳಿದೆ. ತೋರಿಸಿಕೊಟ್ಟರು. ಕೈ ಬೆಚ್ಚಗಿರಬೇಕು. ನೋವಿನ ಜಾಗದಿಂದ ದೂರ ಶುರು ಮಾಡಬೇಕು. "ಕೈ ಹೊಟ್ಟಿ ಮ್ಯಾಲ, ಕಣ್ಣು ಮಾರಿ ಮ್ಯಾಲ. ಮಕ್ಕಳು ಬಾಯಿಲೆ ಹೇಳಂಗಿಲ್ಲ, ಹುಬ್ಬಿಲೆ ಹೇಳ್ತಾವ."

ಪಟ್ಟಿಯ ಪಕ್ಕದಲ್ಲಿ ಹೊಟ್ಟೆ ಹಿಟ್ಟು ಕಲಸಿ ಇಟ್ಟಷ್ಟು ಮೆತ್ತಗಿತ್ತು. ಹುಬ್ಬು ಅಲುಗಲಿಲ್ಲ.

ನವೆಂಬರ್ 16, ಭಾನುವಾರ

ಬೆಳಿಗ್ಗೆ 6: ಜ್ವರ 101.4. ನಾಡಿ 124.
9: ಜ್ವರ 102. ನಾಡಿ 130. ಹೊಟ್ಟೆಯ ಪಕ್ಕಕ್ಕೆ ಹಾಕಿದ ಕೊಳವೆಯಲ್ಲಿ ಬಂದದ್ದು ಎರಡು ಚಮಚೆ, ಕಲಗಚ್ಚಿನ ಬಣ್ಣ.
12: ಡಾಕ್ಟರ್ ಬಂದರು. ರಜೆಯಂತೆ, ಆದರೂ ಬಂದರು. ಹೊಲಿಗೆ ಸೋರುತ್ತಿರಬಹುದು, ಇಲ್ಲಾ ಕೀವು ಕೂಡಿರಬಹುದು. ಸ್ಕ್ಯಾನ್ ಮಾಡಿದರು. ಒಂದು ಕಡೆ ನಿಂಬೆಹಣ್ಣಿನಷ್ಟು ಕೀವು. ಸೋರಿಕೆ ಕಾಣುತ್ತಿಲ್ಲ. ಔಷಧ ಬದಲಿಸಿದರು.

"ಈಗ ಏನ್ ಮಾಡ್ತೀರಿ?" ಅಂದ ಅಣ್ಣ.

"ನೋಡ್ತೀವಿ."

ಅಣ್ಣ ನನ್ನ ಕಡೆ ನೋಡಿದ. ನಾನು ಜಗಳ ತೆಗೆಯುತ್ತೇನೆ ಅಂದುಕೊಂಡನೋ ಏನೋ. "ಮೂರು ತಾಸಿಗೊಮ್ಮೆ ನೋಡ್ತಾರ," ಅಂದೆ. "ಅಷ್ಟರಾಗ ನಾವು ನೋಡೋಣು."

3: ಜ್ವರ 101.8. ನಾಡಿ 126. ಹೊಟ್ಟೆ ಬಲಗಡೆ ಮುಟ್ಟಿದರೆ ಹುಬ್ಬು ಗಂಟು. ಎಡಗಡೆ ಇಲ್ಲ.
6: 101. ನಾಡಿ 120. ಹುಬ್ಬು ಅದೇ.

ಇವತ್ತು ಬೇರೆ ಏನೂ ಬರೆಯುವುದಿಲ್ಲ.

ನವೆಂಬರ್ 18, ಮಂಗಳವಾರ

ಜ್ವರ 99. ನಾಡಿ 104.

ಈ ವಾರ್ಡಿನಲ್ಲಿ ಹೊಟ್ಟೆಯ ಆಪರೇಷನ್ ಆದ ಎಲ್ಲರೂ ಒಂದೇ ವಿಷಯಕ್ಕೆ ಕಾಯುತ್ತಾರೆ. ಕರುಳು ಮತ್ತೆ ಕೆಲಸಕ್ಕೆ ಬಂದಿದೆ ಅನ್ನುವುದಕ್ಕೆ ಗುರುತು ಅದೇ. ನರ್ಸು ದಿನಾ ಬೆಳಿಗ್ಗೆ ಬಂದು ಕೇಳುವುದೂ ಅದನ್ನೇ: "ಗಾಳಿ ಹೋತೇನು?" ಏಳು ದಿನದಿಂದ ನಮ್ಮ ಉತ್ತರ ಇಲ್ಲ ಅಂತಲೇ ಇತ್ತು.

ಇವತ್ತು ಹತ್ತೂಕಾಲಿಗೆ ವಿಜಯಶ್ರೀ ಹೂಸು ಬಿಟ್ಟಳು. ಸಣ್ಣದಲ್ಲ. ಬಾಗಿಲತನಕ ಕೇಳಿಸಿತು. ಅವಳು ನಾಚಿಕೆಯಿಂದ ಹೊದಿಕೆ ಎಳೆದುಕೊಂಡಳು. ಪಕ್ಕದ ಮಂಚದ ಅಮೀರ್ ಸಾಬ್, ಮೊಮ್ಮಗನನ್ನು ನೋಡಿಕೊಳ್ಳಲು ಕೂತವರು, ಎರಡೂ ಕೈ ಎತ್ತಿದರು. "ಅಲ್ಲಾಹನ ಶುಕ್ರ್ ಅದ! ಮಗಳಾ, ನಾಚಬ್ಯಾಡ, ಇನ್ನೊಂದು ಬಿಡು!" ಇಡೀ ವಾರ್ಡು ನಕ್ಕಿತು. ದೇವದುರ್ಗದಿಂದ ಬಂದಿದ್ದ ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ನಮ್ಮ ಮನಿತನದಾಗ ಯಾರ ಹೂಸಿಗೂ ಇಷ್ಟು ಮರ್ಯಾದಿ ಸಿಕ್ಕಿದ್ದಿಲ್ಲ ನೋಡು," ಅಂದಳು.

ಮೂಗಿನ ನಳಿಗೆ ತೆಗೆದರು. ಎರಡು ಚಮಚೆ ನೀರು. ವೈನಿ ಕುಡಿಸಿದಳು. ನಾನು ಗಡಿಯಾರ ನೋಡಿ ಬರೆದುಕೊಂಡೆ.

ನವೆಂಬರ್ 20, ಗುರುವಾರ

ಗಂಜಿ ಹೊಟ್ಟೆಯಲ್ಲಿ ನಿಂತಿದೆ, ವಾಂತಿಯಿಲ್ಲ. ನಾಡಿ 92.

ಗೌತಮ ಫೋನ್ ಮಾಡಿದ. ಖುಷಿಯಲ್ಲಿದ್ದ. "ಅಕ್ಕಾ, ನಿನ್ನ ಕರಪತ್ರ ಮಾನ್ವಿ ಮುಟ್ಟ್ಯದ! ಕಂಡಕ್ಟರ್‌ಗಳು ಒಯ್ದಾರ. ನಿಮ್ಮ ಬೀಗರು ಇದ್ದಾರಲ್ಲ ಚೀಕಲಪರ್ವ್ಯಾಗ, ಹಂಪಯ್ಯ, ಅವರು ಊರ ಮಂದಿಗೆಲ್ಲ ಓದಿಸ್ಯಾರ. ಎರಡು ಟಂಟಂ ಗಾಡಿ ಮಂದಿ ರಾಯಚೂರಿಗೆ ಬರಾಕ ತಯಾರಾಗ್ಯಾರ. ಆ ಡಾಕ್ಟರ್ ಕೊರಳಪಟ್ಟಿ ಹಿಡಿದೇ ಹಿಡೀತೀವಿ ಅನ್ನಾಕತ್ತಾರ."

ಹಂಪಯ್ಯ ವೈನಿಯ ಅಪ್ಪ. ಮೊಮ್ಮಗಳಿಗೆ ಅನ್ನ ಕೊಡಲಿಲ್ಲ, ಕೂಸನ್ನು ಕೈಬಿಟ್ಟರು, ಆಮೇಲೆ ಹೊಟ್ಟೆ ಕೊಯ್ದರು. ಇಷ್ಟೇ ಅವರಿಗೆ ಗೊತ್ತಿರುವುದು. ಅನ್ನದ ಮಾತು ನಾನು ಬರೆದದ್ದು, ಉಳಿದದ್ದು ಬಾಯಿಂದ ಬಾಯಿಗೆ ಬೆಳೆದದ್ದು.

"ಉಳಿದ ಪ್ರತಿ ಹಂಚಬ್ಯಾಡ," ಅಂದೆ ಗೌತಮನಿಗೆ.

"ಉಳಿದಿಲ್ಲಕ್ಕಾ. ಇನ್ನೂ ನೂರು ತೆಗೀಲೇನು?"

ಸಂಜೆ ಡಾಕ್ಟರ್ ಬಂದಾಗ, ಚೀಕಲಪರ್ವಿಯಿಂದ ಮಂದಿ ಬರಬಹುದು ಅಂತ ಎಚ್ಚರಿಸಿದೆ. ಕರಪತ್ರ ನಾನೇ ಬರೆದದ್ದು, ಅದರಲ್ಲಿದ್ದದ್ದು ಸರಿಯಲ್ಲ ಅಂತಲೂ ಹೇಳಿದೆ. "ಗೊತ್ತ್ರಿ," ಅಂದರು. "ಚೊಲೋ ಬರೀತೀರಿ." ಆಮೇಲೆ, "ಮಧ್ಯಾಹ್ನದ ನಾಡಿ ಎಷ್ಟು ಬರ್ಕೊಂಡೀರಿ?"

ತೊಂಬತ್ನಾಲ್ಕು ಅಂದೆ. ಅವರೂ ಎಣಿಸಿದರು. ತೊಂಬತ್ನಾಲ್ಕೇ ಇತ್ತು.

ನವೆಂಬರ್ 21, ಶುಕ್ರವಾರ

ಬೆಳಿಗ್ಗೆ ಹೊಸ ಕರಪತ್ರ ಬರೆಯಲು ಕೂತೆ. ನಾಲ್ಕು ಸಲ ಹರಿದೆ. ಐದನೆಯದು ಪರವಾಗಿಲ್ಲ ಅನ್ನಿಸಿತು. ವಿಜಯಶ್ರೀಯ ತಲೆ ಬಾಚುತ್ತಿದ್ದ ವೈನಿಗೆ ಓದಿ ಹೇಳಿದೆ. ಇಂಥ ದಿನ ಇಂಥ ಗಾಯ ಆಯಿತು, ವೈದ್ಯರು ನಿಗಾ ಇಟ್ಟಿದ್ದರು, ತಪ್ಪು ತಿಳಿವಳಿಕೆಯಿಂದ ಮಗುವನ್ನು ಮನೆಗೆ ಒಯ್ಯಲಾಯಿತು, ಸಾರ್ವಜನಿಕರು ಶಾಂತರಾಗಿರಬೇಕು.

"ಯಾರ ತಪ್ಪು ತಿಳಿವಳಿಕಿ?" ಅಂದಳು ವೈನಿ. "ನಂದಾ?"

"ನಿಂದಲ್ಲ."

"ಮತ್ತ ಯಾರದಂತ ಇದರಾಗ ಇಲ್ಲಲ್ಲ."

ಹೇಳಿದೆ. ಡಾಕ್ಟರ್ ನನ್ನನ್ನು ಬಾಗಿಲಾಚೆ ಕರೆದದ್ದು. ನಾಳೆ ತೋರಬಹುದು ಅಂದದ್ದು. ಜೀವಕ್ಕೆ ಬರುತ್ತದೆ ಅಂದದ್ದು. ತಾಯಿಗೆ ಹೇಳಬೇಕು ಅಂದದ್ದು. ಅಷ್ಟೂ. ಕಾಗದದಲ್ಲಿ ಜವಾಬ್ದಾರಿ ಅನ್ನುವ ಮಾತಿನ ಮೇಲೆ ಇನ್ನೂ ಮೂರು ಸಾಲು ಇದ್ದವು, ನಾನು ಓದಲಿಲ್ಲ ಅಂತಲೂ ಹೇಳಿದೆ.

ವೈನಿಯ ಕೈ ನಿಲ್ಲಲಿಲ್ಲ. ಹೆಣಲು ಪೂರ್ತಿ ಹಾಕಿದಳು, ರಿಬ್ಬನ್ ಕಟ್ಟಿದಳು. ಹುಡುಗಿಯನ್ನು ಮೆಲ್ಲಗೆ ದಿಂಬಿಗೆ ಒರಗಿಸಿದಳು.

"ಡಾಕ್ಟರಮ್ಮ ಬಂದು ತಿಳೀತೇನ್ರಿ ಅಂತ ಕೇಳಿದ್ಲು," ಅಂದಳು. "ನಾ ನಿನ್ನ ಮಾರಿ ನೋಡಿ ಹೂಂ ಅಂದೆ. ಹತ್ತು ದಿನ ಆತು, ಆಕಿ ಇಲ್ಲಿ ಬಂದು ನನ್ನ ಮಗಳ ಹೊಟ್ಟಿ ಮುಟ್ಟುವಾಗೆಲ್ಲ ನಾ ಮನಸ್ಸಿನಾಗ ಆಕಿಗೆ ಶಾಪ ಹಾಕೀನಿ. ಗೊತ್ತದನು ನಿನಗ?"

"ಗೊತ್ತದ."

"ಗೊತ್ತಿದ್ದೂ ಸುಮ್ಮನಿದ್ದಿ."

ಹುಡುಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. "ಅತ್ತಿಗೆ ಬೈಬ್ಯಾಡ ಯವ್ವಾ," ಅಂದಳು.

"ಹೊರಗ ಕುಂದ್ರು ಹೋಗು," ಅಂದಳು ವೈನಿ ನನಗೆ. "ಇವತ್ತು ಕೂಸಿನ ಹತ್ರ ಬರಬ್ಯಾಡ."

ಹೊರಗೆ ಬೆಂಚಿನ ಮೇಲೆ ಕೂತೆ. ಮೂರು ಗಂಟೆಗೆ ನಾಡಿ ನೋಡುವ ಹೊತ್ತಾಯಿತು, ಒಳಗೆ ಹೋಗಲಿಲ್ಲ. ಬಾಗಿಲ ಸಂದಿಯಿಂದ ಕಂಡಿತು: ವೈನಿಯೇ ಅಂಗೈ ಉಜ್ಜಿಕೊಂಡು ಮಗಳ ಹೊಟ್ಟೆಯ ಮೇಲೆ ಇಟ್ಟು, ಅವಳ ಮುಖ ನೋಡುತ್ತಾ ಕೂತಿದ್ದಳು. ನಾನು ಮಾಡುವುದನ್ನು ನೋಡಿ ಕಲಿತಿರಬೇಕು.

ನಾಲ್ಕೂವರೆಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನನ್ನ ಕಡೆ ನೋಡಲಿಲ್ಲ.

"ನಿಮ್ಮಣ್ಣಗ ಹೇಳೀನಿ. ಆತ ಹೊರಗ ಚಹಾದಂಗಡ್ಯಾಗ ಕುಂತಾನ, ಈಗ ಹೋಗಿ ಮಾತಾಡಸಬ್ಯಾಡ."

"ಹೂಂ."

"ಕಾಗದ ಹಂಚಬ್ಯಾಡ. ನಮ್ಮಪ್ಪಗ ಓದಾಕ ಬರಂಗಿಲ್ಲ. ಯಾರ ಕಡಿಂದರೆ ಓದಿಸ್ತಾನ. ಓದಾವ್ರು ತಮಗ ಬೇಕಾದಷ್ಟು ಓದ್ತಾರ. ನನಗ ಗೊತ್ತಾಗ್ಯದ ಅದು."

"ಮತ್ತ ನಾ ಏನ್ ಮಾಡಲಿ ವೈನಿ?"

"ಅಪ್ಪ ಆಯ್ತವಾರ ಮಂದಿ ಕೂಡಿಸ್ಯಾನ, ಮನಿ ಕಟ್ಟಿ ಮ್ಯಾಲ. ಅಲ್ಲಿಂದನೇ ಟಂಟಂ ಹತ್ತೋದಂತ. ನೀ ಅಲ್ಲಿಗೆ ಹೋಗು. ಈಗ ನನಗ ಹೇಳಿದ್ದು ಎಲ್ಲಾರ ಮುಂದ ಬಾಯಿಲೆ ಹೇಳು. ಡಾಕ್ಟರಮ್ಮ ಏನಂದ್ಲು, ನೀ ನನಗ ಏನಂದಿ. ಹಿಂದ ಮುಂದ ಮಾಡಬ್ಯಾಡ."

"ನೀ ಬರ್ತೀಯೇನು?"

"ನಾ ಮಗಳ ಹತ್ರ ಇರ್ತೀನಿ."

ಅಲ್ಲೇ ಕೂತು ಅಪ್ಪನಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಹಂಪಯ್ಯನವರ ದನಿ ಬೆಂಚಿನ ಈ ತುದಿಗೂ ಕೇಳುವಷ್ಟು ದೊಡ್ಡದಿತ್ತು. "ಯಪ್ಪಾ, ಮೊದಲು ಕೇಳು," ಅಂದಳು. "ಕೂಸು ಚೊಲೋ ಅದ, ಗಂಜಿ ಕುಡಿಯಾಕತ್ತದ. ನಮ್ಮ ನಾದಿನಿ ಬರ್ತಾಳ. ಹಾಂ, ಆ ಕಾಗದ ಬರದಾಕಿ. ಆಕಿ ಮಾತು ಮುಗಿಯೋತನಕ ಯಾರೂ ಟಂಟಂ ಹತ್ತಬ್ಯಾಡ್ರಿ. ಎಷ್ಟಕ್ಕ ಕೂಡ್ತೀರಿ?"

ಕೇಳಿಸಿಕೊಂಡಳು. ಫೋನನ್ನು ಕಿವಿಯಿಂದ ತೆಗೆದು, ಬೆಳಗಿನಿಂದ ಮೊದಲ ಸಲ ನನ್ನ ಮುಖ ನೋಡಿದಳು.

ಅವಳು ಹೇಳಿದಂತೆ ಬರೆದುಕೊಂಡೆ: ಭಾನುವಾರ, ನವೆಂಬರ್ ಇಪ್ಪತ್ಮೂರು, ಬೆಳಿಗ್ಗೆ ಹತ್ತು ಗಂಟೆ. ಚೀಕಲಪರ್ವಿ, ಹಂಪಯ್ಯನವರ ಮನೆಯ ಕಟ್ಟೆ.